ಜಾಣನೋ, ವಿವೇಕಿಯೋ?

ಇಂಗ್ಲಿಷಿನಲ್ಲಿ 'ಪ್ರೂಡೆಂಟ್' ಎಂಬ ಗುಣವಾಚಕವಿದೆ. ಮಕ್ಕಳು ಅದರ ಅರ್ಥ ಕೇಳಿದರೆ ಏನು ಹೇಳುವಿರಿ? ಜಾಣ ಎನ್ನಬಹುದು, ವಿವೇಕಿ ಎನ್ನಬಹುದು. ಎರಡೂ ಒಂದೇ ಎಂದು ಭಾವಿಸುವವರೇ ಹೆಚ್ಚು. ಕನ್ನಡ ಮಾತ್ರ ಹಾಗೆ ಭಾವಿಸಿಲ್ಲ. ಜಾಣ ಕುರುಡು, ಜಾಣ ಕಿವುಡು ಎನ್ನುತ್ತೇವೆ. ವಿವೇಕ ಕುರುಡು ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ?

ಕನಕಪುರದವರಿಗೆ ರೇಷ್ಮೆಗೂಡಿನ ವ್ಯಾಪಾರ ಹೊಸದಲ್ಲ. ರೈತ ಒಳ್ಳೆಯ ಬೆಲೆ ಬರಲೆಂದು ಗೂಡನ್ನು ಮನೆಯಲ್ಲಿಟ್ಟು ಕಾಯುವಂತಿಲ್ಲ. ಗೂಡು ಕಟ್ಟಿದ ಸುಮಾರು 10–12 ದಿನಗಳಲ್ಲಿ ಚಿಟ್ಟೆ ಅದನ್ನು ತೂತು ಮಾಡಿ ಹೊರಬರುತ್ತದೆ. ಆಮೇಲೆ ನೂಲು ಬಿಚ್ಚಲು ಆ ಗೂಡು ಬಾರದು. ರೈತನ ಈ ಅವಸರ ರೀಲರ್‌ಗೆ ಚೆನ್ನಾಗಿ ಗೊತ್ತು. ಗೂಡಿನ ವ್ಯಾಪಾರಕ್ಕೆ 1959ರಲ್ಲಿ ಕಾನೂನು ಬಂದದ್ದು, ಸರಕಾರಿ ಮಾರುಕಟ್ಟೆಯಲ್ಲಿ ಹರಾಜು ನಡೆಯುವುದು ಸುಮ್ಮನೆ ಅಲ್ಲ.

ಈಗ ಹೀಗೊಂದು ಊಹಿಸಿಕೊಳ್ಳಿ. ಒಬ್ಬ ರೀಲರ್ ಬೆಳಕು ಹರಿಯುವ ಮುನ್ನವೇ ಹಳ್ಳಿಯ ದಾರಿಯಲ್ಲಿ ನಿಂತು, ಅಂದಿನ ಧಾರಣೆ ತಿಳಿಯದ ರೈತನಿಂದ ಗೂಡನ್ನು ಅಗ್ಗಕ್ಕೆ ಕೊಂಡ. ಮನೆಯವರು ಅವನನ್ನು ಜಾಣನೆಂದು ಹೊಗಳಿಯಾರು. ಆದರೆ ಪ್ರವಾದಿವರ್ಯರು(ಸ) ಸಂತೆಗೆ ಬರುವ ವರ್ತಕರನ್ನು ಊರ ಹೊರಗೇ ಎದುರುಗೊಂಡು ಸರಕು ಕೊಳ್ಳುವುದನ್ನು ನಿಷೇಧಿಸಿದರು. ಹಾಗೆ ಮಾರಿದವನಿಗೆ ಮಾರುಕಟ್ಟೆ ತಲುಪಿದ ಮೇಲೆ ವ್ಯಾಪಾರವನ್ನು ಮುರಿಯುವ ಹಕ್ಕನ್ನೂ ಕೊಟ್ಟರು.

'ಪ್ರೂಡೆಂಟ್' ಪದದ ಲ್ಯಾಟಿನ್ ಮೂಲಕ್ಕೆ ಮುಂದನ್ನು ಕಾಣುವವನು ಎಂದರ್ಥ. ಆ ರೀಲರ್ ಕೂಡ ಮುಂದನ್ನು ಕಂಡ, ಆದರೆ ಅಂದಿನ ಸಂಜೆಯವರೆಗೆ ಮಾತ್ರ. ಮುಂದಿನ ಬೆಳೆಯ ಹೊತ್ತಿಗೆ ರೈತನಿಗೆ ಸತ್ಯ ತಿಳಿದೀತು. ಎಂದೂ ತಿಳಿಯದೇ ಹೋದರೆ? ಆಗ ಜಾಣನ ಲೆಕ್ಕ ಸರಿಯಾಯಿತೆಂದೇ ಹೇಳಬೇಕು. ವಿವೇಕಿಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಅವನು ಕಾಣಬೇಕಾದ ಮುಂದು ಪರಲೋಕದವರೆಗೂ ಇದೆ.

ಅರಬಿಯಲ್ಲಿ ವಿವೇಕಕ್ಕೆ ಹತ್ತಿರದ ಪದ ಹಿಕ್ಮತ್. (ನಮ್ಮ ಆಡುಮಾತಿನಲ್ಲಿ ಅದು ಉಪಾಯ, ಕೈಚಳಕ ಎಂಬಷ್ಟಕ್ಕೆ ಇಳಿದಿರುವುದು ಖೇದಕರ.) ಕುದುರೆಯ ಕಡಿವಾಣವನ್ನು ಹೇಳುವ 'ಹಕಮ' ಎಂಬ ಪದವೂ ಅದೇ ಧಾತುವಿನದು.

ಹಾಗಾದರೆ ವ್ಯಾಪಾರಿ ಲಾಭ ನೋಡಬಾರದೇ? ಧಾರಾಳವಾಗಿ ನೋಡಲಿ. ಗೂಡನ್ನು ಕೈಯಲ್ಲಿ ಹಿಡಿದು, ಅಲುಗಿಸಿ, ಅದರ ಗುಣವನ್ನು ಅಳೆಯಲಿ. ಎಷ್ಟರವರೆಗೆ ಬೆಲೆ ಕೊಡಬೇಕೆಂದು ಮೊದಲೇ ನಿಶ್ಚಯಿಸಲಿ. ಪಕ್ಕದವನ ಮೇಲಿನ ಹಠಕ್ಕೆ ಬೆಲೆ ಏರಿಸಿ ಮನೆಗೆ ಸಾಲ ಹೊರಿಸುವವನಿಗೂ ಆ ಕಡಿವಾಣ ಬೇಕು. ನಿಶ್ಚಯಿಸಿದ ಬೆಲೆ ದಾಟಿದಾಗ ಒಳ್ಳೆಯ ಗೂಡನ್ನು ಬಿಟ್ಟುಕೊಟ್ಟು ಪಕ್ಕದ ರಾಶಿಗೆ ಹೋಗುವ ರೀಲರ್‌ಗಳೂ ಅದೇ ಮಾರುಕಟ್ಟೆಯಲ್ಲಿದ್ದಾರೆ.