ಕಿವಿಯಲ್ಲಿ ದೊಡ್ಡ ತೂತು, ನಾಲಿಗೆಯಲ್ಲಿ ಮಣಿ: ಮಗ ಶ್ರಾದ್ಧ ಮಾಡಬಹುದೇ?

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಬರುವ ತಿಂಗಳಿಗೆ ಮೂರು ವರ್ಷ. ಒಬ್ಬನೇ ಮಗ, ಇಪ್ಪತ್ತಾರು ವಯಸ್ಸು. ಅಪ್ಪನ ಕರ್ಮಾಂತರ, ಮಾಸಿಕಗಳು, ವರ್ಷಾಬ್ದಿಕ ಎಲ್ಲವನ್ನೂ ಅವನೇ ಮಾಡಿದ. ಆಮೇಲೆ ಏನಾಯಿತೋ ಗೊತ್ತಿಲ್ಲ. ಮೊದಲು ಹುಬ್ಬಿಗೆ ಉಂಗುರ ಹಾಕಿಸಿಕೊಂಡ, ನಂತರ ನಾಲಿಗೆಗೆ ಲೋಹದ ಮಣಿ. ಕಿವಿಯ ಹಾಲೆಯನ್ನು ಹಿಗ್ಗಿಸಿ ಹಿಗ್ಗಿಸಿ ಈಗ ನನ್ನ ಬೆರಳು ತೂರುವಷ್ಟು ತೂತಾಗಿದೆ. ಎಡಗೈ ಮೇಲೆ ಚರ್ಮದೊಳಗೆ ಸಿಲಿಕಾನಿನ ನಕ್ಷತ್ರ ಇಡಿಸಿದ್ದಾನೆ, ಮುಟ್ಟಿದರೆ ಗಂಟು ಸಿಗುತ್ತದೆ. ಹೋದ ವರ್ಷ ಕಿವಿಗೆ ಮುಚ್ಚುವ ಹಾಗೆ ಶಲ್ಯ ಹೊದಿಸಿ ಶ್ರಾದ್ಧಕ್ಕೆ ಕೂರಿಸಿದೆ. ಈ ಸಲ ಭಾವನವರು, "ಅವನು ಭಿನ್ನಾಂಗ. ಭಿನ್ನವಾದ ವಿಗ್ರಹಕ್ಕೆ ಹೇಗೆ ಪೂಜೆ ಇಲ್ಲವೋ ಹಾಗೆ ಅವನಿಗೆ ಕರ್ಮದ ಅಧಿಕಾರ ಇಲ್ಲ. ಎಲ್ಲ ಕಿತ್ತು ಬರಲಿ, ಇಲ್ಲದಿದ್ದರೆ ನಾನೇ ಮಾಡುತ್ತೇನೆ" ಅಂತಿದ್ದಾರೆ. ಅವರಿಗೆ ಎರಡೂ ಮಂಡಿ ಬದಲಿಸಿದೆ, ಕುರ್ಚಿ ಮೇಲೆ ಕೂತು ಮಾಡುತ್ತಾರಂತೆ. ಮಗ, "ಹಾಗಾದರೆ ನಾನು ಬರೋದೇ ಇಲ್ಲ" ಅಂದ. ಶಾಸ್ತ್ರ ಏನು ಹೇಳುತ್ತದೆ? ಅವನು ಕೊಟ್ಟದ್ದು ಅವರಿಗೆ ಮುಟ್ಟುತ್ತದೆಯೇ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ತಾಯಿ, ತಿಥಿ ಹತ್ತಿರ ಇರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಶ್ರಾದ್ಧವನ್ನು ನಿಮ್ಮ ಮಗನೇ ಮಾಡಬೇಕು. ಏನನ್ನೂ ಕಿತ್ತು ಬರಬೇಕಾಗಿಲ್ಲ. ಈ ಸಲ ಶಲ್ಯದಿಂದ ಕಿವಿ ಮುಚ್ಚುವುದೂ ಬೇಡ.

ಈಗ ಕಾರಣ ನೋಡೋಣ. ಭಾವನವರ ಮಾತಿಗೆ ಬುಡವೇ ಇಲ್ಲ ಅಂತಲ್ಲ, ಅವರು ಎರಡು ಮೂರು ವಿಷಯಗಳನ್ನು ಒಂದರೊಳಗೊಂದು ಕಲಸಿದ್ದಾರೆ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಅಂಗದೋಷದ ಪ್ರಸ್ತಾಪ ಬರುತ್ತದೆ. ಆದರೆ ಅಲ್ಲಿರುವುದು ಶ್ರಾದ್ಧಕ್ಕೆ ಯಾವ ಬ್ರಾಹ್ಮಣರನ್ನು ಕರೆಯಬಾರದು ಎಂಬ ಪಟ್ಟಿ. ಕರ್ತೃವಿನ ಪಟ್ಟಿ ಅಲ್ಲ. ಅದರಲ್ಲಿ ಉಗುರು ಕೆಟ್ಟವರು, ಹಲ್ಲು ಕಪ್ಪಾದವರು ಇದ್ದಾರೆ, ಚಿಕಿತ್ಸೆ ಮಾಡುವ ವೈದ್ಯರೂ ಇದ್ದಾರೆ, ಹಣಕ್ಕೆ ದೇವರ ಪೂಜೆ ಮಾಡುವವರೂ ಇದ್ದಾರೆ. ಆ ಪಟ್ಟಿಯನ್ನು ಅಕ್ಷರಶಃ ಹಿಡಿದು ಕೂತರೆ ಬೆಂಗಳೂರಿನಲ್ಲಿ ಎಲೆ ಹಾಕುವುದಕ್ಕೆ ಜನ ಸಿಗುವುದು ಕಷ್ಟ. ಭಾವನವರ ಪರಿಚಯದ ಎಷ್ಟೋ ಜನ ಒಳ್ಳೆಯ ಡಾಕ್ಟರುಗಳು ಕೈತೊಳೆದುಕೊಂಡು ಎದ್ದು ಹೋಗಬೇಕಾಗುತ್ತದೆ.

ಇನ್ನು ಕರ್ಮ ಮಾಡುವವನ ಅಧಿಕಾರ. ಯಾಗಕ್ಕೆ ಯಾರು ಅಧಿಕಾರಿ ಎಂಬ ಚರ್ಚೆ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ವಿಸ್ತಾರವಾಗಿ ಬರುತ್ತದೆ. ಅಂಗಹೀನನ ಪ್ರಶ್ನೆಯನ್ನೂ ಅಲ್ಲಿ ಎತ್ತಿದ್ದಾರೆ. ತುಪ್ಪವನ್ನು ಕಣ್ಣಾರೆ ನೋಡಬೇಕು ಎಂದು ವಿಧಿ ಇರುವಲ್ಲಿ ಕಣ್ಣಿಲ್ಲದವನು ಏನು ಮಾಡುತ್ತಾನೆ, ಹೆಜ್ಜೆ ಇಡಬೇಕು ಎಂದಿರುವಲ್ಲಿ ಕಾಲಿಲ್ಲದವನು ಏನು ಮಾಡುತ್ತಾನೆ ಎಂಬ ರೀತಿಯ ಚರ್ಚೆ ಅದು. ದೋಷ ಸರಿಹೋಗುವಂಥದ್ದಾದರೆ ಅಧಿಕಾರ ಉಳಿಯುತ್ತದೆ ಎನ್ನುತ್ತಾರೆ. ಸರಿಹೋಗದ ದೋಷ ಇರುವವರ ಬಗ್ಗೆ ಆ ಕಾಲದ ಮಾತು ಕಟುವಾಗಿದೆ, ಅದನ್ನು ಇವತ್ತು ಹಾಗೇ ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಆದರೆ ಗಮನಿಸಿ, ಅವರು ನೋಡುತ್ತಿದ್ದದ್ದು ಸಾಮರ್ಥ್ಯವನ್ನು. ಈ ಕೈಯಿಂದ, ಈ ಬಾಯಿಂದ ಈ ಕೆಲಸ ಆಗುತ್ತದೆಯೇ ಅನ್ನುವುದು ಅವರ ಪ್ರಶ್ನೆ. ಮೈ ಚೆನ್ನಾಗಿ ಕಾಣುತ್ತದೆಯೇ ಅನ್ನುವುದಲ್ಲ. ನಿಮ್ಮ ಮಗನ ಕೈ ಎಳ್ಳುನೀರು ಬಿಡಬಲ್ಲದು, ಪಿಂಡ ಇಡಬಲ್ಲದು. ಚರ್ಮದೊಳಗಿನ ನಕ್ಷತ್ರ ಅದಕ್ಕೆ ಅಡ್ಡ ಬರುವುದಿಲ್ಲ.

ಲೋಹವೋ ಸಿಲಿಕಾನೋ ಮೈಯೊಳಗಿದ್ದರೆ ಕರ್ಮ ಕೆಡುತ್ತದೆ ಅನ್ನುವುದಾದರೆ ಭಾವನವರ ಮಂಡಿಯ ಮಾತೂ ಬರುತ್ತದಲ್ಲ. ಅವರನ್ನು ನೋಯಿಸಲು ಹೇಳುತ್ತಿಲ್ಲ. ಬದಲಿಸಿದ ಮಂಡಿಯಲ್ಲಿ ಲೋಹವೂ ಇರುತ್ತದೆ, ಪ್ಲಾಸ್ಟಿಕ್ಕೂ ಇರುತ್ತದೆ. ನಮ್ಮಲ್ಲಿ ಎಷ್ಟೋ ಮನೆಯ ಹಿರಿಯರಿಗೆ ಎದೆಯಲ್ಲಿ ಪೇಸ್‌ಮೇಕರ್, ದವಡೆಯಲ್ಲಿ ತಿರುಪು ಹಾಕಿದ ಹಲ್ಲು, ಕಣ್ಣಿನಲ್ಲಿ ಕೃತಕ ಮಸೂರ ಇದೆ. ಅವರೆಲ್ಲ ದಿನವೂ ದೇವರ ಪೂಜೆ ಮಾಡುತ್ತಾರೆ, ಯಾರೂ ತಡೆದಿಲ್ಲ. ಅಸ್ಥಿಸಂಚಯನಕ್ಕೆ ಹೋದವರು ಬೂದಿಯ ನಡುವೆ ಉಕ್ಕಿನ ಕೀಲು ಸಿಕ್ಕಿದ್ದನ್ನು ನೋಡಿರುತ್ತಾರೆ. ಅದು ಸಿಕ್ಕಿತು ಅಂತ ಆ ಜೀವಕ್ಕೆ ಸದ್ಗತಿ ಇಲ್ಲ ಅಂದವರುಂಟೇ? ಮಂಡಿ ಅಗತ್ಯಕ್ಕೆ ಹಾಕಿಸಿದ್ದು, ನಕ್ಷತ್ರ ಷೋಕಿಗೆ ಅನ್ನಬಹುದು. ನಿಜ. ಹಾಗಿದ್ದರೆ ಅದು ಷೋಕಿಯ ಪ್ರಶ್ನೆ ಆಯಿತು, ಶೌಚದ ಪ್ರಶ್ನೆ ಆಗಲಿಲ್ಲ.

ಭಿನ್ನ ವಿಗ್ರಹದ ಹೋಲಿಕೆಯೂ ಇಲ್ಲಿ ಹೊಂದುವುದಿಲ್ಲ. ವಿಗ್ರಹಕ್ಕೆ ಪ್ರಾಣಪ್ರತಿಷ್ಠೆ ನಾವು ಮಾಡುತ್ತೇವೆ, ಆದ್ದರಿಂದ ಭಿನ್ನವಾದಾಗ ವಿಸರ್ಜಿಸುವುದೂ ನಮ್ಮ ಕೆಲಸ. ಮನುಷ್ಯನ ಮೈ ಗಾಯ ಆದರೆ ತಾನೇ ಮಾಯುತ್ತದೆ. ಕಲ್ಲು ಮಾಯುವುದಿಲ್ಲ.

ಮೈ ಚುಚ್ಚುವುದೇ ನಮ್ಮ ಧರ್ಮಕ್ಕೆ ಹೊರಗಿನದು ಎಂಬ ಭಾವನೆ ನಗರದ ಮನೆಗಳಲ್ಲಿ ಇದೆ. ಇದು ಮರೆವು ಅಷ್ಟೆ. ಕಿವಿ ಚುಚ್ಚುವುದು ನಮ್ಮಲ್ಲಿ ಸಂಸ್ಕಾರ. ಹಳೆಯ ಗೃಹ್ಯಸೂತ್ರಗಳಲ್ಲಿ ಹೆಚ್ಚಿನವು ಅದನ್ನು ಹೇಳುವುದಿಲ್ಲ, ಆಮೇಲೆ ಹದಿನಾರರ ಲೆಕ್ಕಕ್ಕೆ ಸೇರಿತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯವನ್ನು ಓದಿದರೆ ಎಷ್ಟು ಜತನದಿಂದ ಈ ಕೆಲಸ ಮಾಡುತ್ತಿದ್ದರು ಅಂತ ತಿಳಿಯುತ್ತದೆ. ಮಗುವಿಗೆ ಆರೋ ಏಳೋ ತಿಂಗಳು. ಶುಕ್ಲಪಕ್ಷದ ಒಳ್ಳೆಯ ದಿನ. ಮಗುವನ್ನು ಮಡಿಲಲ್ಲಿ ಕೂರಿಸಿ, ಆಟಿಕೆ ಕೊಟ್ಟು ರಮಿಸಿ, ವೈದ್ಯ ಎಡಗೈಯಿಂದ ಕಿವಿಯನ್ನು ಎಳೆದು ಹಿಡಿಯುತ್ತಾನೆ. ಬಿಸಿಲಿಗೆ ಒಡ್ಡಿದಾಗ ಬೆಳಕು ತೂರಿಬರುವ ಒಂದು ಜಾಗ ಕಾಣುತ್ತದೆ, ಅದು ದೈವಕೃತವಾದ ತೂತು. ಅಲ್ಲೇ ನೇರವಾಗಿ, ಮೆಲ್ಲಗೆ ಚುಚ್ಚಬೇಕು. ಗಂಡುಮಗುವಿಗೆ ಬಲಗಿವಿ ಮೊದಲು, ಹೆಣ್ಣುಮಗುವಿಗೆ ಎಡಗಿವಿ. ರಕ್ತ ಹೆಚ್ಚು ಬಂತು, ಮಗು ತುಂಬಾ ಅತ್ತಿತು ಅಂದರೆ ಜಾಗ ತಪ್ಪಿತು ಎಂದು ಅರ್ಥ. ತಪ್ಪಿದರೆ ತೊಂದರೆ ಕೊಡುವ ಮೂರು ಸಿರೆಗಳ ಹೆಸರೂ ಅಲ್ಲಿದೆ. ಆಮೇಲೆ ಹತ್ತಿಯ ಬತ್ತಿ ಇಟ್ಟು, ಎಣ್ಣೆ ಹಾಕಿ, ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪ ಬತ್ತಿ ಇಟ್ಟು ತೂತನ್ನು ಹಿಗ್ಗಿಸುವುದು. ಹೌದು ತಾಯಿ, ಹಿಗ್ಗಿಸುವುದೇ. ಹರಿದುಹೋದ ಹಾಲೆಯನ್ನು ಜೋಡಿಸುವ ಹದಿನೈದು ವಿಧಾನಗಳೂ ಅದೇ ಅಧ್ಯಾಯದಲ್ಲಿವೆ. ಅಷ್ಟು ವಿಧ ಬೇಕಾಯಿತು ಅಂದರೆ ಅಷ್ಟು ಕಿವಿಗಳು ಹರಿದಿದ್ದವು ಅಂತಲೇ ಅರ್ಥ ಅಲ್ಲವೇ.

ಮುತ್ತೈದೆಯ ಲಕ್ಷಣ ಅನ್ನುವ ಮೂಗುಬೊಟ್ಟನ್ನೇ ನೋಡಿ. ನಮ್ಮ ಪ್ರಾಚೀನ ಶಿಲ್ಪಗಳಲ್ಲೂ ಗ್ರಂಥಗಳಲ್ಲೂ ಮೂಗಿನ ಆಭರಣ ಸಿಗುವುದಿಲ್ಲ ಎಂದು ಪಿ.ಕೆ. ಗೋಡೆಯವರಂಥ ವಿದ್ವಾಂಸರು ತೋರಿಸಿದ್ದಾರೆ. ಅಂದರೆ ಯಾವುದೋ ಕಾಲದ ಮನೆಯಲ್ಲಿ ಮೊದಲ ಸಲ ಮೂಗು ಚುಚ್ಚಿಸಿಕೊಂಡು ಬಂದ ಮಗಳಿಗೂ ಬೈಗುಳ ಬಿದ್ದಿರಬೇಕು.

ಇದಕ್ಕಿಂತ ಕಠಿಣವಾದವೂ ಇವೆ. ಮಾಧ್ವರು ಆಷಾಢ ಶುದ್ಧ ಏಕಾದಶಿಯಂದು ತಪ್ತಮುದ್ರಾಧಾರಣೆ ಮಾಡಿಸಿಕೊಳ್ಳುತ್ತಾರೆ, ಹೋಮಾಗ್ನಿಯಲ್ಲಿ ಕಾಯಿಸಿದ ಶಂಖ ಚಕ್ರಗಳ ಮುದ್ರೆ ಚರ್ಮಕ್ಕೆ ಬೀಳುತ್ತದೆ. ಶ್ರೀವೈಷ್ಣವರ ಪಂಚಸಂಸ್ಕಾರದಲ್ಲೂ ಅದಿದೆ. ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ಮಾರಿಹಬ್ಬಗಳಲ್ಲಿ ಹರಕೆ ಹೊತ್ತವರು ಬಾಯಿಬೀಗ ಹಾಕಿಸಿಕೊಳ್ಳುತ್ತಾರೆ, ಕೆನ್ನೆಯಿಂದ ಕೆನ್ನೆಗೆ ಸರಳು. ವೀರಭದ್ರನ ಪುರವಂತರು ಶಸ್ತ್ರ ಹಾಕಿಕೊಳ್ಳುತ್ತಾರೆ. ಮಂಗಳೂರಿನ ಕದ್ರಿಯಲ್ಲಿ ಜೋಗಿಗಳ ಮಠ ಇದೆ, ಅವರ ನಾಥಪಂಥದಲ್ಲಿ ಗುರು ಶಿಷ್ಯನ ಕಿವಿಯ ನಡುಭಾಗವನ್ನೇ ಸೀಳಿ ದಪ್ಪ ಕುಂಡಲ ತೊಡಿಸುತ್ತಾನೆ. ಉತ್ತರದಲ್ಲಿ ಅವರಿಗೆ ಕಾನ್‌ಫಟರು, ಅಂದರೆ ಕಿವಿ ಸೀಳಿದವರು ಅಂತಲೇ ಹೆಸರು. ನಿಮ್ಮ ಮಗನ ಕಿವಿ ನೋಡಿದರೆ ಅವರು ಇಷ್ಟೇನಾ ಅನ್ನಬಹುದು.

ಹಾಗಾದರೆ ಮಗ ಮಾಡಿದ್ದೂ ಇದೂ ಒಂದೇನಾ? ಇಲ್ಲ. ಇಲ್ಲಿ ಅವನಿಗೂ ಒಂದು ಮಾತು ಹೇಳಬೇಕು, ಈ ಪುಟವನ್ನು ಅವನ ಕೈಗೆ ಕೊಡಿ.

ಬಾಯಿಬೀಗ ಹಾಕಿಸಿಕೊಳ್ಳುವವನು ಉಪವಾಸ ಇದ್ದು ಬರುತ್ತಾನೆ. ತಮಟೆ ಬಡಿಯುತ್ತಿರುತ್ತದೆ, ಆ ಕಡೆ ಈ ಕಡೆ ಮನೆಯವರು ತೋಳು ಹಿಡಿದಿರುತ್ತಾರೆ. ಯಾಕೆ ಚುಚ್ಚಿಸಿಕೊಂಡೆ ಅಂದರೆ ಅವನಲ್ಲಿ ಉತ್ತರ ಇದೆ: ಮಗುವಿಗೆ ಜ್ವರ ಬಂದಿತ್ತು, ಹರಕೆ ಹೊತ್ತಿದ್ದೆ. ದೇವಿಯ ಮುಂದೆ ಸರಳು ತೆಗೆದು ವಿಭೂತಿಯೋ ಅರಿಶಿನವೋ ಹಚ್ಚಿದರೆ ಮುಗಿಯಿತು, ಮನೆಗೆ ಹೋಗಿ ಊಟ ಮಾಡುತ್ತಾನೆ. ಅವನ ನೋವಿಗೆ ಒಂದು ಆರಂಭ ಇದೆ, ಕೊನೆ ಇದೆ, ನೋಡಿಕೊಳ್ಳುವ ಜನ ಇದ್ದಾರೆ. ನಾಥಜೋಗಿಯ ಕಿವಿ ಮರಳಿ ಮುಚ್ಚುವುದಿಲ್ಲ ನಿಜ, ಆದರೆ ಅವನು ಬಿಟ್ಟುಬಂದ ಮನೆಗೂ ಮರಳಿ ಹೋಗುವುದಿಲ್ಲ. ಮರಳದ ಗುರುತು ಮರಳದ ದಾರಿಗೆ. ಮಗೂ, ನೀನು ಮರಳದ ಗುರುತುಗಳನ್ನು ಒಂದಾದ ಮೇಲೊಂದು ಹಾಕಿಸಿಕೊಳ್ಳುತ್ತಿದ್ದೀಯ. ಯಾವ ದಾರಿಗೆ ಅಂತ ನಿನ್ನನ್ನು ನೀನು ಕೇಳಿಕೊಂಡಿದ್ದೀಯಾ? "ನನ್ನ ದೇಹ, ನನ್ನ ಇಷ್ಟ" ಅನ್ನುತ್ತೀಯ. ಇಪ್ಪತ್ತಾರರ ಇಷ್ಟವನ್ನು ಐವತ್ತಾರರ ಮನುಷ್ಯ ಹೊರಬೇಕು. ಅವನನ್ನು ಕೇಳುವ ಹಾಗಿಲ್ಲ, ಅದಕ್ಕೇ ಅವನ ಪರವಾಗಿ ಸ್ವಲ್ಪ ಜಿಪುಣನಾಗಿರಬೇಕು.

ಇನ್ನೊಂದು ವಿಷಯ. ಸುಶ್ರುತ ಹೇಳಿದ ವೈದ್ಯ ಸಿರೆಗಳನ್ನು ಬಲ್ಲವನು. ಅಂಗಡಿಯಲ್ಲಿ ಕೂತವನು ಬಲ್ಲನೇ? 2024ರ ಡಿಸೆಂಬರಿನಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಹಚ್ಚೆ ಅಂಗಡಿಯೊಂದರಲ್ಲಿ ಹುಡುಗರ ನಾಲಿಗೆಯನ್ನು ಹಾವಿನ ಹಾಗೆ ಎರಡಾಗಿ ಸೀಳಿ ಕೊಡುತ್ತಿದ್ದವರನ್ನು ಪೊಲೀಸರು ಬಂಧಿಸಿದರು. ಅವರಾರೂ ವೈದ್ಯರಲ್ಲ. ನಾಲಿಗೆಯಲ್ಲಿ ಎಷ್ಟು ರಕ್ತ ಓಡುತ್ತದೆ ಅಂತ ಯಾವ ದಂತವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಶುದ್ಧಿ ಮಾಡದ ಸೂಜಿಯಿಂದ ಹೆಪಟೈಟಿಸ್ ಬರಬಹುದು. ಚರ್ಮದೊಳಗೆ ಇಟ್ಟ ವಸ್ತು ಕೀವಾದರೆ ತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕು. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು: ವೈದ್ಯನಲ್ಲದವನು ಚರ್ಮ ಕೊಯ್ದು ಒಳಗೆ ಏನನ್ನಾದರೂ ಇಡುವುದು ಅಧರ್ಮ, ಗೊತ್ತಿದ್ದೂ ಅವನ ಕೈಗೆ ಮೈ ಕೊಡುವುದೂ ಅಧರ್ಮವೇ. ದೇಹ ಧರ್ಮಸಾಧನ ಅನ್ನುವ ಮಾತು ಚಂದಕ್ಕೆ ಹೇಳಿದ್ದಲ್ಲ. ಅಮ್ಮನಿಗೆ ನಾಳೆ ರಕ್ತ ಬೇಕಾದರೆ, ಹೊಸದಾಗಿ ಚುಚ್ಚಿಸಿಕೊಂಡ ನಿನ್ನಿಂದ ಕೆಲವು ಕಾಲ ರಕ್ತ ತೆಗೆದುಕೊಳ್ಳುವುದಿಲ್ಲ, ಇದು ಗೊತ್ತಿರಲಿ.

ಮತ್ತೆ ತಾಯಿಗೆ. ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನೀವು ಹಾಗೇ ದಾಟಿಕೊಂಡು ಹೋಗಿದ್ದೀರಿ: ಒಂದು ವರ್ಷದ ಕರ್ಮ ಎಲ್ಲ ಮಾಡಿದ, ಆಮೇಲೆ ಏನಾಯಿತೋ. ನಾನು ಅಲ್ಲೇ ನಿಂತೆ. ಒಂದು ವರ್ಷ ಪೂರ್ತಿ ಆ ಹುಡುಗನಿಗೆ ತಂದೆಗಾಗಿ ಮಾಡಲು ತಿಂಗಳು ತಿಂಗಳು ಏನೋ ಒಂದು ಕೆಲಸ ಇತ್ತು. ವರ್ಷಾಬ್ದಿಕ ಮುಗಿಯಿತು, ಎಲ್ಲರೂ ವೈಕುಂಠ ಸಮಾರಾಧನೆ ಊಟ ಮಾಡಿ ಹೋದರು, ಆಮೇಲೆ ಅವನ ಕೈ ಖಾಲಿ. ಮೊದಲ ಉಂಗುರ ಬಂದದ್ದು ಅದಾದ ಮೇಲೆ. ನನ್ನ ಊಹೆ ತಪ್ಪಿರಬಹುದು, ಸ್ನೇಹಿತರನ್ನು ನೋಡಿ ಮಾಡಿಕೊಂಡದ್ದೇ ಇರಬಹುದು, ಆ ವಯಸ್ಸಿನಲ್ಲಿ ಅದೂ ಸಹಜ. ಆದರೂ ಒಮ್ಮೆ ಕೇಳಿ. ಯಾಕೋ ಹೀಗೆ ಮಾಡಿಕೊಂಡೆ ಅಂತ ಗದರಬೇಡಿ, ತುಂಬಾ ನೋವಾಯಿತಾ ಅಂತ ಕೇಳಿ. ಇಷ್ಟು ದಿನ ಆ ಮಾತನ್ನು ಯಾರೂ ಕೇಳಿರಲಿಕ್ಕಿಲ್ಲ.

ಇಂಥ ಹುಡುಗನಿಗೆ ತಂದೆಯ ಶ್ರಾದ್ಧವನ್ನು ತಪ್ಪಿಸುವುದು ಶಿಕ್ಷೆ ಆಗುತ್ತದೆ. ಪಿತೃಕಾರ್ಯವನ್ನು ಶಿಕ್ಷೆಯ ಕೋಲಾಗಿ ಬಳಸಲು ಯಾರಿಗೂ ಅಧಿಕಾರ ಇಲ್ಲ, ಹಿರಿಯರಿಗೂ ಇಲ್ಲ. ಮಗ ಇದ್ದು, ಮಾಡಬಲ್ಲವನಾಗಿದ್ದು, ಮಾಡುತ್ತೇನೆ ಅನ್ನುವಾಗ ಬೇರೆಯವರು ಆ ಜಾಗದಲ್ಲಿ ಕೂರುವುದು ಕ್ರಮವೂ ಅಲ್ಲ. ಭಾವನವರಿಗೆ ತಮ್ಮನ ಮೇಲೆ ಪ್ರೀತಿ ಇದೆ, ಅದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಅವರು ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರಲಿ, ಗೋತ್ರ, ತಾತಂದಿರ ಹೆಸರು ತಪ್ಪದಂತೆ ಹೇಳಿಕೊಡಲಿ. ಹುಡುಗರಿಗೆ ಮುತ್ತಾತನ ಹೆಸರು ನೆನಪಿರುವುದಿಲ್ಲ, ಅವರಿಗಿರುತ್ತದೆ. ಮುಟ್ಟುತ್ತದೆಯೇ ಎಂದು ಕೇಳಿದ್ದೀರಿ. ಮಗನ ಕೈಯ ನೀರು ತಂದೆಗೆ ಮುಟ್ಟದೆ ಇನ್ನಾರದು ಮುಟ್ಟಬೇಕು ತಾಯಿ?

ಆಚರಣೆಯ ಕೆಲವು ವಿಷಯ. ತಿಥಿಗೆ ಮುಂಚಿನ ದಿನಗಳಲ್ಲಿ ಹೊಸದಾಗಿ ಏನನ್ನೂ ಚುಚ್ಚಿಸಿಕೊಳ್ಳಬಾರದು, ರಕ್ತ ಒಸರುವ ಹಸಿ ಗಾಯ ಇಟ್ಟುಕೊಂಡು ಕರ್ಮಕ್ಕೆ ಕೂರುವುದಿಲ್ಲ. ಮಾಗಿದ ತೂತಿಗೆ ದೋಷ ಇಲ್ಲ. ಹುಬ್ಬಿನ ಉಂಗುರ, ಕಿವಿಯದು ಇದ್ದರೆ ಇರಲಿ, ಸ್ನಾನದಲ್ಲಿ ಅಲ್ಲೆಲ್ಲ ನೀರು ಹಾಯುವಂತೆ ತೊಳೆದುಕೊಂಡರೆ ಸಾಕು, ನೀವು ಮೂಗುಬೊಟ್ಟು ತೆಗೆಯದೆ ಸ್ನಾನ ಮಾಡುತ್ತಿದ್ದಿರಲ್ಲ, ಹಾಗೆ. ನಾಲಿಗೆಯ ಮಣಿ ಒಂದೇ ಯೋಚಿಸಬೇಕಾದದ್ದು. ಸಂಕಲ್ಪವನ್ನು ಒಂದು ಸಲ ಜೋರಾಗಿ ಹೇಳಿ ನೋಡಲಿ. ತಂದೆಯ ಹೆಸರು, ಗೋತ್ರ ಸ್ಪಷ್ಟವಾಗಿ ಬಂದರೆ ಹಾಗೇ ಇರಲಿ. ತೊದಲಿದರೆ ಆ ಹೊತ್ತಿಗೆ ತೆಗೆದಿಟ್ಟು, ಬಾಯಿ ಮುಕ್ಕಳಿಸಿ, ಆಚಮನ ಮಾಡಿ ಕೂರಲಿ. ತೆಗೆಯುವುದೋ ಬಿಡುವುದೋ ಅವನೇ ನಿರ್ಧರಿಸಲಿ. ಪುರೋಹಿತರಿಗೆ ಮೊದಲೇ ಫೋನ್ ಮಾಡಿ ವಿಷಯ ತಿಳಿಸಿ, ಅವತ್ತು ಬಾಗಿಲಲ್ಲಿ ನೋಡಿ ಬೆಚ್ಚುವುದು ಬೇಡ. ಮಂತ್ರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹೇಳಿಕೊಡಿ ಅಂತಲೂ ಕೇಳಿಕೊಳ್ಳಿ. ಹೋದ ವರ್ಷದ ಶಲ್ಯ ಒಗೆದು ಇಟ್ಟಿರಿ, ಅದು ಹೆಗಲ ಮೇಲಿರಲಿ.