ದೋಣಿಯೂ ಹಕ್ಕಿಯ ಗೂಡೂ

(ಧರ್ಮೋಪದೇಶಕಾಂಡ 22ನೆಯ ಅಧ್ಯಾಯ, 6 ಮತ್ತು 7ನೆಯ ವಚನಗಳನ್ನು ಓದಿರಿ)



ಮೋಶೆಯ ಧರ್ಮಶಾಸ್ತ್ರದ ದೊಡ್ಡ ಆಜ್ಞೆಗಳ ನಡುವೆ ಒಂದು ಚಿಕ್ಕ ಆಜ್ಞೆಯುಂಟು. ಮರದ ಮೇಲಾಗಲಿ ನೆಲದ ಮೇಲಾಗಲಿ ಹಕ್ಕಿಯ ಗೂಡು ಸಿಕ್ಕಿ, ತಾಯಿಯು ಮೊಟ್ಟೆ ಮರಿಗಳನ್ನು ಕಾವು ಕೊಡುತ್ತಾ ಕೂತಿದ್ದರೆ, ತಾಯಿಯನ್ನೂ ಮರಿಗಳನ್ನೂ ಕೂಡಿ ಹಿಡಿಯಬಾರದೆಂದು ದೇವರು ಇಸ್ರಾಯೇಲ್ಯರಿಗೆ ವಿಧಿಸಿದನು. ನೆಲದ ಮೇಲಣ ಗೂಡನ್ನು ಸಹ ಆತನು ಮರೆಯಲಿಲ್ಲವೆಂಬದನ್ನು ಗಮನಿಸಿರಿ. ಅಂಥ ಗೂಡುಗಳು ನಮ್ಮ ಸೀಮೆಯಲ್ಲಿಯೇ ಉಂಟು.

ಅತ್ತಿಗುಂಡಿಯಿರುವ ಬಾಬಾಬುಡನ್ ಗಿರಿಶ್ರೇಣಿಯು ಜಾಗರ ಕಣಿವೆಯನ್ನು ಬಳಸಿಕೊಂಡು ನಿಂತಿದೆ. ಆ ಕಣಿವೆಯೊಳಗೆ ಬಿದ್ದ ಮಳೆಯು ಸೋಮವಾಹಿನಿಯಾಗಿ ಹರಿದು, ಭದ್ರೆಯನ್ನು ಸೇರಿ, ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ದೊಡ್ಡ ಸರೋವರವಾಗಿ ನಿಲ್ಲುತ್ತದೆ. ನೀರು 186 ಅಡಿಗೆ ಏರಿದಾಗ ಅದು ತುಂಬಿತೆನ್ನುತ್ತಾರೆ. ಚಳಿಗಾಲ ಕಳೆದು, ಕಾಲುವೆಗಳಿಗೆ ನೀರು ಬಿಟ್ಟಂತೆಲ್ಲಾ, ಮುಳುಗಿದ್ದ ಗುಡ್ಡಗಳ ನೆತ್ತಿಗಳು ಬೋಳು ದ್ವೀಪಗಳಾಗಿ ಮೇಲಕ್ಕೆ ಬರುತ್ತವೆ.

ಆಗ ರೀವ ಹಕ್ಕಿಗಳು ಅಲ್ಲಿಗೆ ಗುಂಪುಗುಂಪಾಗಿ ಕೂಡುತ್ತವೆ. ಇವು ಕಡಲಕ್ಕಿಗಳ ಬಳಗದವು. ಆದರೂ ಒಳನಾಡಿನ ಸಿಹಿನೀರೇ ಇವುಗಳ ಮನೆ. ಹಳದಿ ಕೊಕ್ಕು, ಕರೀ ಟೊಪ್ಪಿಗೆಯಂಥ ತಲೆ, ಕವಲಾದ ಬಾಲ. ಮೇಲಿನಿಂದ ನೀರಿಗೆ ಎರಗಿ ಮೀನು ಹಿಡಿಯುತ್ತವೆ. ಹುಲ್ಲು ಕಡ್ಡಿಗಳಿಂದ ಗೂಡು ಕಟ್ಟುವದಿಲ್ಲ. ಬರೀ ನೆಲದಲ್ಲಿ ಸಣ್ಣ ಕುಳಿ ಮಾಡಿ ಎರಡು ಮೂರು ಮೊಟ್ಟೆ ಇಡುತ್ತವೆ. ಚುಕ್ಕೆಗಳುಳ್ಳ ಆ ಮೊಟ್ಟೆಗಳು ಸುತ್ತಲಿನ ಕಲ್ಲುಗಳಂತೆಯೇ ತೋರುತ್ತವೆ. ಬಿಸಿಲೇರಿದಾಗ ತಾಯಿ ತಂದೆಗಳ ಮೈಯೇ ಅವುಗಳಿಗೆ ನೆರಳು.

ಇವುಗಳನ್ನು ನೋಡುವದಕ್ಕೆ ಲಕ್ಕವಳ್ಳಿಯಿಂದ ಜನರು ದೋಣಿಯಲ್ಲಿ ಹೋಗುತ್ತಾರೆ. ಇದು ನಿರ್ದೋಷವಾದ ಸಂತೋಷವೇ. ಸೃಷ್ಟಿಕರ್ತನ ಕೈಕೆಲಸವನ್ನು ನೋಡಿ ಆನಂದಿಸುವದನ್ನು ಸತ್ಯವೇದವು ಎಲ್ಲಿಯೂ ನಿಷೇಧಿಸುವದಿಲ್ಲ. ಆದರೆ ದೋಣಿಯು ದಡಕ್ಕೆ ತೀರಾ ಸಮೀಪಿಸಿದರೆ ಏನಾಗುತ್ತದೆ? ಹಕ್ಕಿಗಳೆಲ್ಲಾ ಕೂಗುತ್ತಾ ಒಮ್ಮೆಲೇ ಏಳುತ್ತವೆ. ನೋಡುವವರಿಗೆ ಅದು ಚಂದವಾದ ನೋಟ. ಕೆಳಗೆ ಮೊಟ್ಟೆಗಳು ಸುಡುಬಿಸಿಲಿಗೆ ಬೀಳುತ್ತವೆ. ಕಾಗೆ ಹದ್ದುಗಳು ಮರಿಗಳನ್ನು ಹುಡುಕುತ್ತವೆ.

ನಾವು ಕಲ್ಲೆಸೆಯಲಿಲ್ಲ, ಬಲೆ ಹಾಕಲಿಲ್ಲ, ಬರೀ ನೋಡಿದೆವಷ್ಟೇ ಎಂದು ಯಾರಾದರೂ ಹೇಳಬಹುದು. ಪ್ರಿಯರೇ, ಕೈಯಿಂದ ಮಾತ್ರವಲ್ಲ, ಕಣ್ಣಿನ ಆಶೆಯಿಂದಲೂ ಹಾನಿಯುಂಟಾಗುತ್ತದೆ. ಹವ್ವಳು ಹಣ್ಣನ್ನು ಮೊದಲು ನೋಡಿದಳು, ಆಮೇಲೆ ತೆಗೆದುಕೊಂಡಳು.

ದೋಣಿ ನಡಿಸುವವನ ಕಷ್ಟವನ್ನೂ ಯೋಚಿಸಿರಿ. ಅವನು ಬಡವನು. ಹಣವುಳ್ಳ ಪ್ರಯಾಣಿಕನು, "ಇನ್ನು ಸ್ವಲ್ಪ ಹತ್ತಿರ ಬಿಡಪ್ಪಾ, ಇನಾಮು ಕೊಡುತ್ತೇನೆ" ಎನ್ನುತ್ತಾನೆ. ಇವನು, "ಬೇಡಿರಿ ಸ್ವಾಮೀ, ತಾಯಿ ಎದ್ದುಬಿಡುತ್ತದೆ" ಎಂದರೆ, ಆ ದಿನದ ಇನಾಮು ಹೋಯಿತು. ಆದರೂ ಹಾಗೆ ಹೇಳುವ ಬಾಯಿ ಧನ್ಯವಾದದ್ದು. ನಾವು ದೋಣಿಯಲ್ಲಿ ಕೂತವರಾದರೆ, ಅವನನ್ನು ಅಂಥ ಶೋಧನೆಗೆ ಒಳಪಡಿಸದಿರೋಣ.

ಈ ಹಕ್ಕಿಯನ್ನು ಲೋಕದಲ್ಲಿ ಅಳಿವಿನ ಭಯವುಳ್ಳವುಗಳ ಪಟ್ಟಿಯಲ್ಲಿ ಬರೆದಿದ್ದಾರೆ. ನದಿಗಳ ಮರಳುದಿಣ್ಣೆಗಳಲ್ಲಿ ಇದಕ್ಕೆ ನೆಮ್ಮದಿ ತಪ್ಪಿದೆ; ಅಕಾಲದಲ್ಲಿ ನೀರೇರಿದರೆ ಗೂಡುಗಳು ಮುಳುಗುತ್ತವೆ. ಜಾಗರ ಕಣಿವೆಯನ್ನು 1951ರಲ್ಲಿ ಅಭಯಾರಣ್ಯವಾಗಿ ಮಾಡಿದರು. ಅದು 1974ರಲ್ಲಿ ವಿಸ್ತಾರಗೊಂಡು ಭದ್ರಾ ಅಭಯಾರಣ್ಯವೆನಿಸಿತು. ಸರಕಾರವು ಎಲ್ಲೆ ಹಾಕಬಲ್ಲದು. ಎಲ್ಲೆಯಲ್ಲಿ ನಿಲ್ಲುವ ಮನಸ್ಸನ್ನು ಕೊಡಲಾರದು. ಅದನ್ನು ದೇವರಿಂದಲೇ ಬೇಡಬೇಕು.

ಆ ಚಿಕ್ಕ ಆಜ್ಞೆಯನ್ನು ಕೈಕೊಂಡವನಿಗೆ ಶುಭವೂ ದೀರ್ಘಾಯುಷ್ಯವೂ ಉಂಟಾಗುವದೆಂದು ದೇವರು ವಾಗ್ದಾನಮಾಡಿದನು. ತಂದೆತಾಯಿಗಳನ್ನು ಸನ್ಮಾನಿಸುವವನಿಗೆ ಕೊಟ್ಟ ವಾಗ್ದಾನವೂ ಇಂಥದೇ. ಆದಕಾರಣ ಹಕ್ಕಿಯ ತಾಯ್ತನವನ್ನು ಅಲ್ಪವೆಂದೆಣಿಸಬೇಡಿರಿ. ದೂರದಿಂದ ನೋಡಿರಿ, ದೇವರನ್ನು ಕೊಂಡಾಡಿರಿ, ದೋಣಿಯನ್ನು ಮೆಲ್ಲಗೆ ಹಿಂದಿರುಗಿಸಿರಿ. ಆಮೆನ್.