ಹಳೆ ಕಾರಿನ ಹೊಗೆ

ನಮ್ಮ ತಿಪಟೂರಿನಲ್ಲಿ ಹಳೆ ಕಾರು ಕೊಂಡರೆ, ಅದರ ಯಜಮಾನ ದಿನಕ್ಕೆಷ್ಟು ಸಿಗರೇಟು ಸೇದುತ್ತಿದ್ದ ಅಂತ ಎದುರಂಗಡಿಯವನೇ ಹೇಳಿಬಿಡ್ತಾನೆ. ಬ್ಯಾಂಕಿನ ವರ್ಗದ ಮೇಲೆ ಪುಣೆಗೆ ಬಂದ ನನಗೆ ಹೇಳುವವರಾರು? 2012ರ ಬೇಸಿಗೆಯಲ್ಲಿ ಕೊಂಡ ಕಾರು ಮಲ್ಲಿಗೆ ಸೆಂಟಿನಿಂದ ಘಮಘಮ ಅಂತಿತ್ತು. ಮಳೆ ಶುರುವಾಗಿ ಗಾಜು ಏರಿಸಿದ ದಿನ, "ರೀ, ಹಿಂದೆ ಯಾರೋ ಕೂತು ಸೇದ್ತಿದಾರೇನ್ರೀ?" ಅಂದಳು ಮನೆಯಾಕೆ.

ಸೆಂಟು ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಹೊಗೆಯ ಟಾರು, ನಿಕೋಟಿನ್ನು ಚಾವಣಿಯ ಬಟ್ಟೆ, ಸೀಟಿನ ಸ್ಪಂಜು, ಗಾಜಿನ ಒಳಮೈಗೆಲ್ಲ ಅಂಟಿರುತ್ತವೆ. ನೀರಿಗೆ ವಿನಿಗರ್ ಬೆರೆಸಿ ಒರೆಸಿದೆ. ಒರೆಸಿದ ಬಟ್ಟೆ ಹಳದಿಯಾಯ್ತು. ಸೀಟಿಗೆ ಅಡುಗೆ ಸೋಡಾ ಉದುರಿಸಿ ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ವ್ಯಾಕ್ಯೂಮ್ ಹಿಡಿದೆ. ಮೂರು ಭಾನುವಾರ ಇದೇ ಕೆಲಸ. ಎಸಿ ಫಿಲ್ಟರ್ ಬದಲಿಸಿದ ಮೇಲೆಯೇ ವಾಸನೆ ಹೋದದ್ದು.

2017ರಲ್ಲಿ ಮಾರಲು ಹೊರಟಾಗ ನೋಡಲು ಬಂದವನು ಧಾರವಾಡದ ಹುಡುಗ. ಜೊತೆಗೆ ಹೆಂಡತಿ, ಅವಳ ಕಂಕುಳಲ್ಲಿ ಕೂಸು. ಕನ್ನಡದವರು ಅಂತ ಕಾಫಿ ಕೊಟ್ಟು ಕೂರಿಸಿದೆವು. "ಇಲ್ಲದ ವಾಸನೆಯ ಸುದ್ದಿ ಯಾಕ್ರೀ?" ಅಂತ ಮನೆಯಾಕೆ ಮೊದಲೇ ಎಚ್ಚರಿಸಿದ್ದಳು. ಅದರಲ್ಲೂ ನ್ಯಾಯವಿತ್ತು. ತೀರಿದ ಸಾಲವನ್ನು ಬ್ಯಾಂಕಿನಲ್ಲಿ ಯಾರೂ ಬಾಕಿ ಅನ್ನುವುದಿಲ್ಲ. ಆದರೆ ಇದು ತೀರಿದ ಸಾಲವೇ? ವಾಸನೆ ಹೋದರೂ ಹೊಗೆಯ ಅಂಟು ಉಳಿದಿರಬಹುದು. ಕೂಸು ಸಿಕ್ಕಿದ್ದನ್ನೆಲ್ಲ ಮುಟ್ಟಿ ಬಾಯಿಗಿಡುತ್ತದೆ. ನಾನು ಮೂಗಿಗೆ ಮಾತ್ರ ಸಮಾಧಾನ ಮಾಡಿದ್ದರೆ, ಆ ಸೆಂಟಿನವನಿಗೂ ನನಗೂ ಏನು ವ್ಯತ್ಯಾಸ?

ಹೇಳಿಬಿಟ್ಟೆ. "ಹಂಗಾರ ಹತ್ತು ಸಾವಿರ ಕಡಿಮಿ ಮಾಡ್ರಿ ಕಾಕಾ" ಅಂದ ಹುಡುಗ. ಮಾಡಿದೆ. ಮನೆಯಾಕೆ ಎರಡು ದಿನ ಮಾತಾಡಲಿಲ್ಲ.